ಜಲಪಾತದ ಮೇಲೆ ಚಾಚಿದ ಮನೆ

ಮನೆಯೊಂದರ ನಕ್ಷೆಯನ್ನು ತಯಾರಿಸಬೇಕೆಂದು ಹೇಳಿದಾಗ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೆಂದರೆ ಹೆಸರುವಾಸಿಯಾದ ಕಟ್ಟಡಗಳ ಚಿತ್ರಗಳನ್ನು ತಿರುವಿಹಾಕುವುದು. ಇದು ತಪ್ಪಲ್ಲ. ಕಾವ್ಯ ಬರೆಯಬೇಕೆನ್ನುವವರು ಹಿಂದಿನ ಕವಿಗಳನ್ನು ಓದುವಂತೆಯೇ, ಮನೆ ಕಟ್ಟಬೇಕೆನ್ನುವವರು ಹಿಂದಿನವರು ಕಟ್ಟಿದ ಮನೆಗಳನ್ನು ಓದಬೇಕಾದುದು ನ್ಯಾಯವೇ. ಆದರೆ ಮನೆಯನ್ನು ಓದುವುದೆಂದರೇನು? ಅದರ ಬಾಲ್ಕನಿಯನ್ನೋ ಕಿಟಕಿಯನ್ನೋ ಎತ್ತಿ ತಂದು ನಮ್ಮ ಕಾಗದದ ಮೇಲೆ ಇಡುವುದು ನಕಲು ಮಾತ್ರ. ಆ ಬಾಲ್ಕನಿ ಅಲ್ಲೇಕೆ ಇದೆ, ಬೀಳದೆ ಹೇಗೆ ನಿಂತಿದೆ, ಕಾಲ ಕಳೆದಂತೆ ಅದಕ್ಕೆ ಏನಾಯಿತು ಎಂದು ಕೇಳುವುದೇ ನಿಜವಾದ ಓದು. ಇಪ್ಪತ್ತನೆಯ ಶತಮಾನದ ಅತ್ಯಂತ ಪ್ರಸಿದ್ಧ ಮನೆಗಳಲ್ಲಿ ಒಂದನ್ನು ತೆಗೆದುಕೊಂಡು ಈ ಮೂರು ಪ್ರಶ್ನೆಗಳನ್ನು ಕೇಳಿ ನೋಡೋಣ.

ಬಂಡೆಗಳ ನಡುವೆ ಒಂದು ನಿವೇಶನ

ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದ ಕಾಡುಗುಡ್ಡಗಳ ನಡುವೆ ಬೇರ್ ರನ್ ಎಂಬ ಸಣ್ಣ ಹೊಳೆಯೊಂದು ಹರಿಯುತ್ತದೆ. ಒಂದೆಡೆ ಅದು ಮರಳುಗಲ್ಲಿನ ಹಾಸುಬಂಡೆಗಳ ಮೇಲಿಂದ ಜಿಗಿದು ಜಲಪಾತವಾಗುತ್ತದೆ. ಪಿಟ್ಸ್‌ಬರ್ಗ್ ನಗರದಲ್ಲಿ ದೊಡ್ಡ ಅಂಗಡಿಯೊಂದರ ಒಡೆಯನಾಗಿದ್ದ ಎಡ್ಗರ್ ಕೌಫ್‌ಮನ್‌ಗೆ ಈ ಜಾಗವೆಂದರೆ ಬಹಳ ಪ್ರೀತಿ. ರಜೆಯ ದಿನಗಳನ್ನು ಕಳೆಯಲು ಅಲ್ಲೊಂದು ಮನೆ ಕಟ್ಟಿಸಬೇಕೆಂದು ಆತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್‌ನನ್ನು ಕೇಳಿಕೊಂಡ. ರೈಟ್ 1934ರ ಡಿಸೆಂಬರಿನಲ್ಲಿ ಸ್ಥಳವನ್ನು ನೋಡಿ ಬಂದ. ನೆಲದ ಏರುತಗ್ಗುಗಳನ್ನೂ ಬಂಡೆಗಳನ್ನೂ ದೊಡ್ಡ ಮರಗಳನ್ನೂ ಗುರುತಿಸಿದ ನಕ್ಷೆಯೊಂದನ್ನು ತರಿಸಿಕೊಂಡ. ಆಮೇಲೆ ತಿಂಗಳುಗಟ್ಟಲೆ ಕಾಗದದ ಮೇಲೆ ಏನನ್ನೂ ಬರೆಯಲಿಲ್ಲ. 1935ರ ಸೆಪ್ಟೆಂಬರಿನಲ್ಲಿ, ಕೌಫ್‌ಮನ್ ನೋಡಲು ಬರುತ್ತಿದ್ದಾನೆಂದು ತಿಳಿದಾಗ, ಕೆಲವೇ ಗಂಟೆಗಳಲ್ಲಿ ಮನೆಯ ಚಿತ್ರವನ್ನು ಬರೆದುಮುಗಿಸಿದನೆಂದು ಆತನ ಶಿಷ್ಯರು ಹೇಳುತ್ತಿದ್ದರು.

ಜಲಪಾತವನ್ನು ಎದುರಿನಿಂದ ನೋಡುವಂತೆ ಮನೆ ಇರುತ್ತದೆಂದು ಕೌಫ್‌ಮನ್ ಎಣಿಸಿದ್ದ. ರೈಟ್ ಮನೆಯನ್ನು ಜಲಪಾತದ ಮೇಲೆಯೇ ಇಟ್ಟ! ಒಳಗೆ ಕುಳಿತವರಿಗೆ ಜಲಪಾತ ಕಾಣಿಸದು, ಅದರ ಸದ್ದು ಮಾತ್ರ ಸದಾ ಕೇಳಿಸುತ್ತದೆ. ಅಲ್ಲಿಯೇ ತೆಗೆದ ಮರಳುಗಲ್ಲಿನಿಂದ ಗೋಡೆಗಳೆದ್ದವು. ಹಿಂದಿನಿಂದ ಅಲ್ಲಿದ್ದ ಬಂಡೆಯೊಂದು ಒಡೆಯದೆ ಉಳಿದು, ನಡುಮನೆಯ ಅಗ್ಗಿಷ್ಟಿಕೆಗೆ ಪೀಠವಾಯಿತು. ಮರವೊಂದಕ್ಕೆ ಎಡೆಮಾಡಿಕೊಡಲು ಕಾಂಕ್ರೀಟಿನ ತೊಲೆಯನ್ನೇ ಬಾಗಿಸಿ ಎರಕಹೊಯ್ದರು. ಮುಖ್ಯಮನೆಯ ಕಟ್ಟಡ 1936 ಮತ್ತು 1937ರಲ್ಲಿ ನಡೆಯಿತು. ಅತಿಥಿಗೃಹ 1939ರಲ್ಲಿ ಸೇರಿತು. ‘ಫಾಲಿಂಗ್‌ವಾಟರ್’ ಎಂಬ ಈ ಮನೆಯನ್ನು 1963ರಲ್ಲಿ ಕೌಫ್‌ಮನ್‌ನ ಮಗ ಒಂದು ಸಂರಕ್ಷಣಾ ಸಂಸ್ಥೆಗೆ ಒಪ್ಪಿಸಿದನು. ಮರುವರ್ಷದಿಂದ ಅದು ಸಾರ್ವಜನಿಕರಿಗೆ ತೆರೆದಿದೆ. 2019ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.

ಮೊದಲ ಪ್ರಶ್ನೆಗೆ ಉತ್ತರ ಇಲ್ಲಿಯೇ ದೊರೆಯಿತು. ಹಾಸುಬಂಡೆಗಳು ಒಂದರ ಮೇಲೊಂದು ಮುಂದಕ್ಕೆ ಚಾಚಿರುವ ಜಾಗದಲ್ಲಿ ಮನೆಯ ಬಿಸಿಲುಮಚ್ಚುಗಳೂ ಹಾಗೆಯೇ ಚಾಚಿವೆ. ಆ ಆಕಾರವನ್ನು ಸೂಚಿಸಿದ್ದು ನಿವೇಶನ.

ಭಾರವು ಎಲ್ಲಿಗೆ ಹೋಗುತ್ತದೆ?

ಇನ್ನು ಎರಡನೆಯ ಪ್ರಶ್ನೆ. ಯಾವ ಕಟ್ಟಡವನ್ನೇ ನೋಡಲಿ, ಅದರ ಪ್ರತಿಯೊಂದು ಭಾಗದ ಭಾರವೂ ಯಾವುದೋ ಒಂದು ಹಾದಿ ಹಿಡಿದು ಕೊನೆಗೆ ನೆಲವನ್ನು ಸೇರಲೇಬೇಕು. ಈ ಹಾದಿಯನ್ನು ಬೆರಳಿನಿಂದ ಗುರುತಿಸುತ್ತ ಹೋಗುವುದು ಬಹಳ ಒಳ್ಳೆಯ ಅಭ್ಯಾಸ. ಸಾಧಾರಣ ಮನೆಯಲ್ಲಿ ಹಾದಿ ಸರಳ: ಸೂರಿನಿಂದ ತೊಲೆಗೆ, ತೊಲೆಯಿಂದ ಗೋಡೆಗೆ, ಗೋಡೆಯಿಂದ ಅಡಿಪಾಯಕ್ಕೆ. ಫಾಲಿಂಗ್‌ವಾಟರ್‌ನಲ್ಲಿ ಹಾಗಲ್ಲ. ನಡುಮನೆಯ ನೆಲವನ್ನು ಹೊತ್ತ ಕಾಂಕ್ರೀಟು ತೊಲೆಗಳು ದಡದ ಬಂಡೆಯ ಮೇಲೆ ನಿಂತ ಮೋಟು ಆಧಾರಗಳನ್ನು ದಾಟಿ ಹೊಳೆಯ ಕಡೆಗೆ ಸುಮಾರು 15 ಅಡಿ, ಎಂದರೆ ನಾಲ್ಕೂವರೆ ಮೀಟರಿನಷ್ಟು, ಮುಂದೆ ಹೋಗಿವೆ. ಆ ತುದಿಯ ಕೆಳಗೆ ಕಂಬವಿಲ್ಲ. ಗಾಳಿ ಮತ್ತು ನೀರು ಮಾತ್ರ. ಒಂದು ಕೊನೆಯಲ್ಲಿ ಮಾತ್ರ ಭದ್ರವಾಗಿ ಹಿಡಿಯಲ್ಪಟ್ಟ ಇಂತಹ ತೊಲೆಗೆ ಚಾಚುತೊಲೆ ಎಂದು ಹೆಸರು.

ಚಾಚುತೊಲೆಯು ಒಂದು ಸನ್ನೆ. ಮುಂದೆ ಚಾಚಿದ ಭಾಗದ ತೂಕವು ಆಧಾರದ ಸುತ್ತ ಅದನ್ನು ಕೆಳಕ್ಕೆ ತಿರುಗಿಸಲು ಯತ್ನಿಸುತ್ತದೆ. ಹಿಂಬದಿಯಲ್ಲಿ ಗುಡ್ಡಕ್ಕೆ ಒರಗಿದ ಕಲ್ಲಿನ ಗೋಡೆಗಳ ತೂಕವೂ ಬಂಡೆಯ ಹಿಡಿತವೂ ಅದನ್ನು ತಡೆಯುತ್ತವೆ. ತಿರುಗಿಸುವ ಈ ಸಾಮರ್ಥ್ಯಕ್ಕೆ ಭ್ರಾಮಕವೆಂದು ಹೆಸರು; ಭಾರವನ್ನು ಆಧಾರದಿಂದ ಅದಕ್ಕಿರುವ ದೂರದಿಂದ ಗುಣಿಸಿದರೆ ಅದು ದೊರೆಯುತ್ತದೆ. ಆದ್ದರಿಂದ ಭಾರವೆಷ್ಟು ಎಂಬುದರ ಜೊತೆಗೆ ಅದು ಎಲ್ಲಿದೆ ಎಂಬುದನ್ನೂ ಕೇಳಬೇಕು.

ಈ ಮನೆಯಲ್ಲಿ ಭಾರ ಎಲ್ಲಿದೆ ನೋಡಿ. ನಡುಮನೆಯ ಮೇಲಿನ ಅಂತಸ್ತಿನಲ್ಲಿ ಮಲಗುವ ಕೋಣೆಗೆ ಸೇರಿದ ಇನ್ನೊಂದು ಬಿಸಿಲುಮಚ್ಚು ಇದೆ. ನೋಡುವವರ ಕಣ್ಣಿಗೆ ಅದೂ ತನ್ನಷ್ಟಕ್ಕೆ ತಾನೇ ಗಾಳಿಯಲ್ಲಿ ತೇಲುವಂತಿದೆ. ವಾಸ್ತವದಲ್ಲಿ ಅದರ ಭಾರದ ಬಹುಪಾಲು ನಡುಮನೆಯ ಕಿಟಕಿಗಳ ನಡುವಣ ನಾಲ್ಕು ಉಕ್ಕಿನ ಪಟ್ಟಿಗಳ ಮೂಲಕ ಕೆಳಗಿಳಿದು, ಕೆಳಗಿನ ಚಾಚುತೊಲೆಗಳ ಮುಂತುದಿಯ ಬಳಿ ಕೂರುತ್ತದೆ. ಎಂದರೆ ಎರಡು ಅಂತಸ್ತುಗಳ ಭಾರವು ಸನ್ನೆಯ ಅತ್ಯಂತ ಅಪಾಯಕರವಾದ ಸ್ಥಳಕ್ಕೆ ಬಂದು ಸೇರುತ್ತದೆ. ಮನೆಯ ಮುಂದಿನ ಕಥೆಯೆಲ್ಲ ಈ ಒಂದು ಸಂಗತಿಯಲ್ಲಿ ಅಡಗಿದೆ.

ಮೇಜಿನ ಮೇಲೆ ಎರಡು ಪ್ರಯೋಗಗಳು

ಒಂದು ಅಡಿ ಉದ್ದದ ಪ್ಲಾಸ್ಟಿಕ್ ಅಳತೆಪಟ್ಟಿಯನ್ನು ಮೇಜಿನ ಅಂಚಿನಿಂದ 10 ಸೆಂ.ಮೀ. ಹೊರಕ್ಕೆ ಚಾಚಿ, ಒಳಬದಿಯನ್ನು ಭಾರವಾದ ಪುಸ್ತಕಗಳಿಂದ ಅದುಮಿರಿ. ಹೊರತುದಿಗೆ ದಾರದಿಂದ ಕೆಲವು ನಾಣ್ಯಗಳನ್ನು ಕಟ್ಟಿ ತೂಗುಬಿಡಿ; ತುದಿ ಎಷ್ಟು ಇಳಿಯಿತೆಂದು ಅಳೆಯಿರಿ. ಬಳಿಕ ಪಟ್ಟಿಯನ್ನು 20 ಸೆಂ.ಮೀ. ಚಾಚಿ ಅದೇ ನಾಣ್ಯಗಳನ್ನು ತೂಗುಬಿಡಿ. ಮೊದಲು 2 ಮಿ.ಮೀ. ಇಳಿದಿದ್ದರೆ ಈಗ ಸುಮಾರು 16 ಮಿ.ಮೀ. ಇಳಿದಿರುತ್ತದೆ. ಉದ್ದ ಎರಡರಷ್ಟಾದರೆ ಬಾಗು ಎಂಟರಷ್ಟು! ತುದಿಯಲ್ಲಿ ಕಟ್ಟಿದ ಭಾರದ ಬದಲು ಉದ್ದಕ್ಕೂ ಒಂದೇ ಸಮನಾಗಿ ಹರಡಿದ ಭಾರವಿದ್ದರೆ, ಉದ್ದದೊಡನೆ ಭಾರವೂ ಹೆಚ್ಚುವುದರಿಂದ, ಬಾಗು ಹದಿನಾರರಷ್ಟಾಗುತ್ತದೆ. ಈಗ ಪಟ್ಟಿಯನ್ನು ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿ ಚಾಚಿರಿ. ಅದೇ ಪಟ್ಟಿ, ಅದೇ ಭಾರ. ಆದರೆ ಬಾಗು ಕಣ್ಣಿಗೇ ಬೀಳದು. ತೊಲೆಯ ಆಳವನ್ನು ಇಮ್ಮಡಿಸಿದರೆ ಬಾಗು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ತೊಲೆಗಳನ್ನು ಅಗಲಕ್ಕಿಂತ ಆಳವಾಗಿ ಮಾಡುವುದರ ಗುಟ್ಟು ಇದೇ.

ಎರಡನೆಯ ಪ್ರಯೋಗಕ್ಕೆ ಉದ್ದನೆಯ ಒಂದು ರಬ್ಬರು ಸಾಕು. ಅದರ ಪಕ್ಕದ ಮೇಲೆ ಲೇಖನಿಯಿಂದ ಸಮಾನ ದೂರದಲ್ಲಿ ಅಡ್ಡಗೆರೆಗಳನ್ನು ಎಳೆಯಿರಿ. ಒಂದು ಕೊನೆಯನ್ನು ಬಿಗಿಯಾಗಿ ಹಿಡಿದು ಇನ್ನೊಂದನ್ನು ಕೆಳಕ್ಕೆ ಒತ್ತಿರಿ. ಮೇಲ್ಭಾಗದಲ್ಲಿ ಗೆರೆಗಳು ದೂರ ಸರಿಯುತ್ತವೆ, ಕೆಳಭಾಗದಲ್ಲಿ ಹತ್ತಿರ ಬರುತ್ತವೆ. ಮೇಲೆ ಕರ್ಷಣ, ಎಂದರೆ ಎಳೆತ. ಕೆಳಗೆ ಸಂಪೀಡನ, ಎಂದರೆ ಅದುಮು. ಕಾಂಕ್ರೀಟು ಅದುಮಿಗೆ ಚೆನ್ನಾಗಿ ನಿಲ್ಲುತ್ತದೆ. ಎಳೆತಕ್ಕೆ ಸುಮಾರು ಅದರ ಹತ್ತನೆಯ ಒಂದು ಪಾಲು ಮಾತ್ರ ತಡೆಯುತ್ತದೆ. ಆದುದರಿಂದ ಎಳೆತ ಬೀಳುವ ಕಡೆ ಉಕ್ಕಿನ ಕಂಬಿಗಳನ್ನು ಹುದುಗಿಸುತ್ತಾರೆ. ಬಿಸಿಲಿಗೆ ಉಕ್ಕೂ ಕಾಂಕ್ರೀಟೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದರಿಂದ ಈ ಜೋಡಿ ಬಿಟ್ಟುಹೋಗುವುದಿಲ್ಲ.

ಎರಡು ಗೋಡೆಗಳ ಮೇಲೆ ಕೂತ ತೊಲೆಯಲ್ಲಿ ನಡುವೆ ಎಳೆತ ಬೀಳುವುದು ಕೆಳಗೆ, ಚಾಚುತೊಲೆಯಲ್ಲಿ ಮೇಲೆ. ನಮ್ಮ ಮನೆಗಳ ಕಿಟಕಿಯ ಮೇಲಿನ ಸಜ್ಜಾ ಕೂಡ ಒಂದು ಪುಟ್ಟ ಚಾಚುತೊಲೆಯೇ. ಅದರ ಕಂಬಿಗಳನ್ನು ಮರೆತು ಕೆಳಗಿಟ್ಟರೆ, ಅಥವಾ ಕಾಂಕ್ರೀಟು ಹಾಕುವಾಗ ತುಳಿದು ಕೆಳಗಿಳಿಸಿದರೆ, ಸೆಂಟ್ರಿಂಗ್ ಬಿಚ್ಚಿದ ದಿನವೇ ಸಜ್ಜಾ ಕುಸಿಯಬಹುದು. ಕಂಬಿಯ ತೂಕ ಸರಿಯಾಗಿದ್ದರೆ ಸಾಲದು, ಸ್ಥಾನವೂ ಸರಿಯಾಗಿರಬೇಕು.

ಎಂಟು ಕಂಬಿಗಳು, ಹದಿನಾರು ಕಂಬಿಗಳು

ರೈಟ್‌ನ ಕಚೇರಿಯ ನಕ್ಷೆಯಲ್ಲಿ ನಡುಮನೆಯ ಮುಖ್ಯ ತೊಲೆಯೊಂದಕ್ಕೆ ಒಂದು ಅಂಗುಲದ ಎಂಟು ಕಂಬಿಗಳಿದ್ದವು. ಕೌಫ್‌ಮನ್ ನೇಮಿಸಿದ್ದ ಎಂಜಿನಿಯರುಗಳಿಗೆ ಇದು ಸಾಲದೆನ್ನಿಸಿತು. ಅವರ ಸಲಹೆಯಂತೆ, ರೈಟ್‌ಗೆ ತಿಳಿಯದೆ, ಹದಿನಾರು ಕಂಬಿಗಳು ತೊಲೆಯೊಳಗೆ ಹೋದವು. ವಿಷಯ ತಿಳಿದು ರೈಟ್ ಕೆರಳಿದ. ತನ್ನ ಮೇಲೆ ನಂಬಿಕೆಯಿಲ್ಲದಿದ್ದರೆ ಕೆಲಸವನ್ನೇ ಬಿಡುವೆನೆಂಬ ಧಾಟಿಯಲ್ಲಿ ಪತ್ರ ಬರೆದ. ಆದರೆ ಕಾಂಕ್ರೀಟು ಯಾರ ಕೋಪಕ್ಕೂ ಕಿವಿಗೊಡುವುದಿಲ್ಲವಷ್ಟೆ. ಸೆಂಟ್ರಿಂಗ್ ತೆಗೆದಾಗ ನಡುಮನೆಯ ಚಾಚು ಒಂದೂಮುಕ್ಕಾಲು ಅಂಗುಲ ಕುಸಿಯಿತು. ಮೇಲಿನ ಬಿಸಿಲುಮಚ್ಚಿನ ಪ್ಯಾರಪೆಟ್ ಗೋಡೆಗಳಲ್ಲಿ ಬಿರುಕುಗಳು ಕಾಣಿಸಿಕೊಂಡವು.

ಕುಸಿತ ಅಷ್ಟಕ್ಕೇ ನಿಲ್ಲಲಿಲ್ಲ. ಸತತವಾಗಿ ಭಾರ ಹೊತ್ತ ಕಾಂಕ್ರೀಟು ವರ್ಷಗಟ್ಟಲೆ ಬಹು ನಿಧಾನವಾಗಿ ಬಾಗುತ್ತಲೇ ಹೋಗುತ್ತದೆ. ಎಂಜಿನಿಯರುಗಳು ಇದನ್ನು ಕ್ರೀಪ್ ಎನ್ನುತ್ತಾರೆ. 1990ರ ದಶಕದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿ ತನ್ನ ವ್ಯಾಸಂಗದ ಅಂಗವಾಗಿ ಈ ಚಾಚುಗಳ ಲೆಕ್ಕ ಹಾಕಿದಾಗ ಉತ್ತರ ಆತಂಕ ಹುಟ್ಟಿಸುವಂತಿತ್ತು. ಬಳಿಕ ರಾಬರ್ಟ್ ಸಿಲ್ಮನ್ ಎಂಬ ಅನುಭವಿ ಎಂಜಿನಿಯರನ ತಂಡ ಕೂಲಂಕಷವಾಗಿ ಪರೀಕ್ಷಿಸಿತು. 15 ಅಡಿಯ ಚಾಚಿಗೆ ತುದಿಯಲ್ಲಿ ಸುಮಾರು 7 ಅಂಗುಲದ ಕುಸಿತ. ಅದೂ ಇನ್ನೂ ಮುಂದುವರಿಯುತ್ತಿತ್ತು! ಮೂಲ ನಕ್ಷೆಯ ಎಂಟೇ ಕಂಬಿಗಳಿದ್ದಿದ್ದರೆ ತೊಲೆಗಳು ನಿಲ್ಲುತ್ತಲೇ ಇರಲಿಲ್ಲ; ಹದಿನಾರೂ ಸಾಲದೆ ಬಂದಿದ್ದವು ಎಂದು ಲೆಕ್ಕ ತೋರಿಸಿತು.

1997ರಲ್ಲಿ ಚಾಚಿನ ಕೆಳಗೆ, ಹೊಳೆಯ ಪಾತ್ರದಿಂದಲೇ, ತಾತ್ಕಾಲಿಕ ಉಕ್ಕಿನ ಊರೆಗಳನ್ನು ನಿಲ್ಲಿಸಿದರು. 2002ರಲ್ಲಿ ಶಾಶ್ವತ ಚಿಕಿತ್ಸೆ ನಡೆಯಿತು. ನಡುಮನೆಯ ನೆಲದ ಚಪ್ಪಡಿಗಳಿಗೆ ಸಂಖ್ಯೆ ಹಾಕಿ ತೆಗೆದು, ತೊಲೆಗಳ ಪಕ್ಕದಲ್ಲಿ ಬಲವಾದ ಉಕ್ಕಿನ ಹುರಿಗಳನ್ನು ಹಾಯಿಸಿ, ಜಾಕುಗಳಿಂದ ಜಗ್ಗಿ ಬಿಗಿದರು. ಬಿಗಿದ ಹುರಿ ಕುಗ್ಗಲು ಹವಣಿಸಿ ಕಾಂಕ್ರೀಟನ್ನು ಅದುಮಿ ಹಿಡಿಯುತ್ತದೆ. ಎಳೆತ ಬೀಳುವ ಜಾಗದಲ್ಲಿ ಮೊದಲೇ ಅದುಮನ್ನು ತುಂಬಿಟ್ಟಂತೆ. ತೊಲೆಗಳನ್ನು ಪೂರ್ತಿ ಮೊದಲ ಮಟ್ಟಕ್ಕೆ ಎತ್ತಲು ಹೋಗಲಿಲ್ಲ. ಹಾಗೆ ಮಾಡಿದ್ದರೆ ಬಾಗಿದ ಸ್ಥಿತಿಗೆ ಹೊಂದಿಕೊಂಡಿದ್ದ ಬೇರೆ ಭಾಗಗಳು ಒಡೆಯುತ್ತಿದ್ದವು. ಮತ್ತಷ್ಟು ಕುಸಿಯದಂತೆ ತಡೆದದ್ದೇ ಗೆಲುವು.

ಹೀಗೆಂದು ರೈಟ್‌ನ ಪ್ರತಿಭೆಯನ್ನು ಹಳಿಯಬೇಕಾಗಿಲ್ಲ. ಹೊಳೆಯ ಮೇಲೆ ತೇಲುವ ಮನೆಯನ್ನು ಕಲ್ಪಿಸಿಕೊಳ್ಳಲು ಅವನೇ ಬೇಕಾಗಿತ್ತು. ಆದರೆ ಆ ಕಲ್ಪನೆ ಇಂದಿಗೂ ನಿಂತಿರುವುದಕ್ಕೆ, ಅವನ ಸಿಟ್ಟಿಗೆ ಗುರಿಯಾದ ಎಂಜಿನಿಯರುಗಳ ಎಂಟು ಕಂಬಿಗಳೂ ಕಾರಣ. ಕೀರ್ತಿವಂತನ ಲೆಕ್ಕವನ್ನೂ ಮತ್ತೊಮ್ಮೆ ಹಾಕಿ ನೋಡುವುದು ಅಗೌರವವಲ್ಲ. ಒಬ್ಬ ವಿದ್ಯಾರ್ಥಿ ಹಾಗೆ ಮಾಡಿದ್ದರಿಂದ ಒಳ್ಳೆಯದೇ ಆಯಿತು.

ನಿಮ್ಮ ನಕ್ಷೆಗೆ

ಈಗ ನೀವು ನಿಮ್ಮದೇ ಒಂದು ಮನೆಯ ನಕ್ಷೆಗೆ ಕುಳಿತಿದ್ದೀರೆಂದು ಭಾವಿಸೋಣ. ಮೊದಲು ನಿವೇಶನದ ಪಟವನ್ನು ಬರೆಯಿರಿ: ಇಳಿಜಾರು ಯಾವ ಕಡೆಗೆ, ಮಳೆಯ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ಮರಗಳೆಲ್ಲಿವೆ, ಗಾಳಿ ಯಾವ ದಿಕ್ಕಿನದು. ಬಳಿಕ ಸೂರ್ಯನನ್ನು ವಿಚಾರಿಸಿರಿ. ಫಾಲಿಂಗ್‌ವಾಟರ್ ಇರುವುದು ಸುಮಾರು 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನ ನಡುಹಗಲಲ್ಲಿ ಅಲ್ಲಿ ಸೂರ್ಯ ದಿಗಂತದಿಂದ ಕೇವಲ 26 ಡಿಗ್ರಿಗಳಷ್ಟು ಏರುತ್ತಾನೆ. ದಕ್ಷಿಣಕ್ಕೆ ತೆರೆದ ಗಾಜಿನ ಕಿಟಕಿಗಳಿಂದ ಬರುವ ಚಳಿಗಾಲದ ಎಳೆಬಿಸಿಲು ಅಲ್ಲಿನವರಿಗೆ ವರ. ಬೆಂಗಳೂರು ಇರುವುದು 13 ಡಿಗ್ರಿಯಲ್ಲಿ. ಇಲ್ಲಿ ಅದೇ ದಿನ ಸೂರ್ಯ 53 ಡಿಗ್ರಿ ಏರಿರುತ್ತಾನೆ. ಜೂನಿನಲ್ಲಿ ನೆತ್ತಿಯನ್ನು ದಾಟಿ ಉತ್ತರಕ್ಕೇ ಹೋಗಿರುತ್ತಾನೆ. ನಮ್ಮಲ್ಲಿ ಮನೆಯನ್ನು ಕಾಯಿಸುವುದು ಮುಖ್ಯವಾಗಿ ಸೂರು ಮತ್ತು ಪಶ್ಚಿಮದ ಗೋಡೆ. ಮಲೆನಾಡಿನಲ್ಲಾದರೆ ಬಿಸಿಲಿಗಿಂತ ಮಳೆಯೇ ಯಜಮಾನ. ಅಲ್ಲಿ ಚಪ್ಪಟೆ ತಾರಸಿಗಿಂತ ಇಳಿಜಾರಾದ ಹೆಂಚಿನ ಮಾಡು, ಗೋಡೆಯನ್ನು ನೆನೆಯದಂತೆ ಕಾಯುವ ಅಗಲವಾದ ಸೂರಂಚು ಹೆಚ್ಚು ವಿವೇಕದ್ದು. ಆದುದರಿಂದ ರೈಟ್‌ನ ಬಿಸಿಲುಮಚ್ಚನ್ನು ಹಾಗೆಯೇ ತಂದಿಟ್ಟರೆ ಅವನ ಉತ್ತರವನ್ನು ತಂದಂತಾಯಿತೇ ಹೊರತು, ಅವನು ಕೇಳಿದ ಪ್ರಶ್ನೆಯನ್ನಲ್ಲ.

ನಕ್ಷೆ ಸಿದ್ಧವಾದ ಮೇಲೆ ಕೆಂಪು ಪೆನ್ಸಿಲನ್ನು ತೆಗೆದುಕೊಂಡು ಸೂರಿನಿಂದ ನೆಲದವರೆಗೆ ಭಾರದ ಹಾದಿಯನ್ನು ಎಳೆಯಿರಿ. ಎಲ್ಲಿ ಗೆರೆ ಗಾಳಿಯಲ್ಲಿ ನಿಂತುಬಿಡುತ್ತದೆಯೋ ಅಲ್ಲಿ ತೊಲೆಯೋ ಗೋಡೆಯೋ ಬೇಕು. ಎಲ್ಲಿ ಚಾಚು ಇದೆಯೋ ಅಲ್ಲಿ ಎಳೆತ ಯಾವ ಬದಿಗೆಂದು ಗುರುತು ಹಾಕಿರಿ. ರಟ್ಟಿನಿಂದ ಪುಟ್ಟ ಮಾದರಿ ಮಾಡಿ ಚಾಚಿನ ತುದಿಯ ಮೇಲೆ ನಾಣ್ಯವನ್ನಿಟ್ಟು ನೋಡಿರಿ. ಆದರೆ ಒಂದು ಎಚ್ಚರಿಕೆ: ಚಿಕ್ಕ ಮಾದರಿ ನಿಂತಿತೆಂದು ದೊಡ್ಡ ಮನೆ ನಿಲ್ಲುತ್ತದೆಂದು ತಿಳಿಯಬಾರದು. ಎಲ್ಲ ಅಳತೆಗಳನ್ನೂ ಹತ್ತರಷ್ಟು ಮಾಡಿದರೆ ತೊಲೆಯ ಅಡ್ಡಕೊಯ್ತದ ವಿಸ್ತಾರ ನೂರರಷ್ಟಾಗುತ್ತದೆ, ತೂಕವಾದರೋ ಸಾವಿರದಷ್ಟಾಗುತ್ತದೆ. ಮಾದರಿಯು ಭಾರದ ಹಾದಿಯನ್ನು ತೋರಿಸಬಲ್ಲುದು. ಬಲವನ್ನು ಲೆಕ್ಕವೇ ಹೇಳಬೇಕು.

ಕೊನೆಯದಾಗಿ, ಐವತ್ತು ವರ್ಷಗಳ ಮೇಲೆ ಈ ಮನೆ ಹೇಗಿರುತ್ತದೆಂದು ಕೇಳಿಕೊಳ್ಳಿರಿ. ನೀರು ಎಲ್ಲಿ ಒಸರುತ್ತದೆ, ತೊಲೆ ಎಷ್ಟು ಬಾಗುತ್ತದೆ, ರಿಪೇರಿಗೆ ಕೈ ಎಲ್ಲಿಗೆ ತಲುಪುತ್ತದೆ? ಇಷ್ಟನ್ನೂ ಕೇಳಿದ ಮೇಲೆ ನಿಮ್ಮ ಮನೆ ನೋಡಲು ಫಾಲಿಂಗ್‌ವಾಟರ್‌ನಂತೆ ಎಳ್ಳಷ್ಟೂ ಇಲ್ಲದಿರಬಹುದು. ಹಾಗಾದರೆ ಆ ಮನೆಯನ್ನು ನೀವು ಸರಿಯಾಗಿಯೇ ಓದಿದ್ದೀರಿ.