ಅದರಗುಂಚಿಯ ರಾಜಮ್ಮ, ಪ್ರಭಾತದ ಶಾಂತಾ ಹುಬಳೀಕರ

ಗಾಯಕನಟಿ ಎಂಬ ಮಾತನ್ನು ಈಗಿನವರು ಹೆಚ್ಚಾಗಿ ಬಳಸುವುದಿಲ್ಲ. ಬಳಸಬೇಕಾದ ಪ್ರಸಂಗವೂ ಒದಗುವುದಿಲ್ಲ. ತೆರೆಯ ಮೇಲೆ ಕಾಣುವ ಮುಖ ಒಬ್ಬರದು, ಕಿವಿಗೆ ಬೀಳುವ ಕಂಠ ಮತ್ತೊಬ್ಬರದು ಎಂಬುದು ನಮಗೆಲ್ಲ ರೂಢಿಯಾಗಿ ಹೋಗಿದೆ. ಚಲಚ್ಚಿತ್ರಕ್ಕೆ ಮಾತು ಬಂದ ಮೊದಲ ಹತ್ತು ಹನ್ನೆರಡು ವರ್ಷಗಳಲ್ಲಿ ಸಂಗತಿಯು ಹೀಗಿರಲಿಲ್ಲ. ಆಗ ನಟಿಸುವವಳೇ ಹಾಡಬೇಕು. ಹಾಡಬಲ್ಲವಳನ್ನೇ ನಟಿಯನ್ನಾಗಿ ಆರಿಸಬೇಕು. ಅಮೆರಿಕದಲ್ಲಿ 1927ರಲ್ಲಿ ‘ದಿ ಜಾಸ್ ಸಿಂಗರ್’ ಚಿತ್ರವು ತೆರೆಗೆ ದನಿ ಕೊಟ್ಟ ಬಳಿಕ ಜೀನೆಟ್ ಮ್ಯಾಕ್‌ಡೊನಾಲ್ಡ್‌ಳಂತಹ ರಂಗಭೂಮಿಯ ಗಾಯಕಿಯರು ಹಾಲಿವುಡ್ಡಿಗೆ ಹೋದದ್ದು ಈ ಕಾರಣದಿಂದಲೇ. ನಮ್ಮ ದೇಶದಲ್ಲಿ 1931ರಲ್ಲಿ ‘ಆಲಂ ಆರಾ’ ಬಂದ ಮೇಲೆ ಇದೇ ಬೇಡಿಕೆಯು ಮುಂಬಯಿ, ಪುಣೆ, ಕೊಲ್ಹಾಪುರಗಳಲ್ಲಿ ಹುಟ್ಟಿತು. ಆ ಬೇಡಿಕೆಯನ್ನು ಪೂರೈಸಿದವರಲ್ಲಿ ಧಾರವಾಡ ಜಿಲ್ಲೆಯ ಒಂದು ಹಳ್ಳಿಯಿಂದ ಹೋದ ಹೆಣ್ಣುಮಗಳೊಬ್ಬಳಿದ್ದಳೆಂಬುದು ಕನ್ನಡಿಗರಲ್ಲಿ ಅನೇಕರಿಗೆ ತಿಳಿಯದು.

ಆ ಹಳ್ಳಿ ಅದರಗುಂಚಿ. ಹುಬ್ಬಳ್ಳಿಯಿಂದ ದಕ್ಷಿಣಕ್ಕೆ, ಕುಂದಗೋಳದ ಸೀಮೆಯ ಕಡೆಗೆ ಹೊರಟರೆ ಎರೆಯ ಹೊಲಗಳ ನಡುವೆ ಸಿಕ್ಕುವ ಊರು. 1953ರಲ್ಲಿ ಕರ್ನಾಟಕದ ಏಕೀಕರಣಕ್ಕಾಗಿ ಶಂಕರಗೌಡರು ಆಮರಣಾಂತ ಉಪವಾಸವನ್ನು ಹೂಡಿದ ಊರೆಂದು ಅದನ್ನು ಚರಿತ್ರೆಯು ಬಲ್ಲುದು. ಆದರೆ ಅದಕ್ಕೆ ನಾಲ್ಕು ದಶಕಗಳ ಹಿಂದೆ, 1914ರಲ್ಲಿ, ಅದೇ ಊರಿನಲ್ಲಿ ರಾಜಮ್ಮನೆಂಬ ಕೂಸು ಹುಟ್ಟಿತು. ಮುಂದೆ ಶಾಂತಾ ಹುಬಳೀಕರರೆಂದು ಮಹಾರಾಷ್ಟ್ರದ ಮನೆಮನೆಗಳಲ್ಲಿ ಹೆಸರಾದವರು ಇವರೇ. ಹುಟ್ಟಿದ ಹಳ್ಳಿಯ ಬದಲು ನೆರೆಯ ಪೇಟೆಯ ಹೆಸರು, ಅದರ ತುದಿಗೆ ಮರಾಠಿಯ ‘ಕರ’ ಪ್ರತ್ಯಯ. ಹೀಗೆ ಕಟ್ಟಿದ ಹೆಸರಿನಲ್ಲಿ ಅದರಗುಂಚಿಯು ಅಡಗಿಹೋಯಿತು.

ಕನ್ನಡದ ಹುಡುಗಿಯು ಮರಾಠಿಯ ಕಡೆಗೆ ಏಕೆ ಹೋದಳೆಂದು ಮೈಸೂರು ಸೀಮೆಯವರು ಕೇಳಿಯಾರು. ಧಾರವಾಡ ಜಿಲ್ಲೆಯು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಮಗ್ಗುಲಲ್ಲೇ ಇದ್ದ ಕುಂದಗೋಳವಾದರೋ ಜಮಖಂಡಿಯ ಸಂಸ್ಥಾನಿಕರದು. ಸಂಗೀತ, ನಾಟಕ ಎರಡೂ ಪುಣೆ, ಮಿರಜ, ಕೊಲ್ಹಾಪುರಗಳೊಡನೆ ಕೊಡುಕೊಳೆಯಿಂದ ಬೆಳೆದಿದ್ದುವು. ಮರಾಠಿ ಸಂಗೀತ ನಾಟಕದ ಮೂಲಪುರುಷರಾದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಕುಂದಗೋಳದ ರಾಮಭಾವು, ಅಬ್ದುಲ್ ಕರೀಮ್ ಖಾನರ ಶಿಷ್ಯರು, ಮರಾಠಿ ರಂಗದಲ್ಲಿ ಸ್ತ್ರೀಪಾತ್ರಗಳನ್ನು ಧರಿಸಿ ಸವಾಯಿ ಗಂಧರ್ವರೆನಿಸಿಕೊಂಡರು. ಆದುದರಿಂದ ಹಾಡಬಲ್ಲವರಿಗೆ ಅಂದಿನ ಧಾರವಾಡದಲ್ಲಿ ಮರಾಠಿಯ ಬಾಗಿಲು ಪರರ ಬಾಗಿಲಾಗಿರಲಿಲ್ಲ. ಕನ್ನಡದ ಬಾಗಿಲಿಗಾದರೂ ಮನೆಯೇ ಇರಲಿಲ್ಲ. ನಮ್ಮ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನಾ’ ಹೊರಬಂದದ್ದು 1934ರಲ್ಲಿ. ಅದನ್ನೂ ಕೊಲ್ಹಾಪುರದ ಚಿತ್ರಶಾಲೆಯಲ್ಲಿ ತೆಗೆಯಬೇಕಾಯಿತು.

ಶಾಂತಾಬಾಯಿಯವರು ಪುಣೆಯ ಪ್ರಭಾತ ಫಿಲ್ಮ್ ಕಂಪನಿಯನ್ನು ಸೇರಿ, 1938ರಲ್ಲಿ ಕೆ. ನಾರಾಯಣ ಕಾಳೆಯವರು ನಿರ್ದೇಶಿಸಿದ ‘ಮಾಝಾ ಮುಲಗಾ’ ಚಿತ್ರದಲ್ಲಿ ಶಾಹು ಮೋಡಕರ ಜೊತೆಗೆ ಅಭಿನಯಿಸಿದರು. ಚಿತ್ರವು ಸಾಧಾರಣವಾದದ್ದು. ಮರುವರ್ಷ, 1939ರಲ್ಲಿ, ವಿ. ಶಾಂತಾರಾಮರು ‘ಮಾಣೂಸ್’ ತೆಗೆದರು. ಅದನ್ನೇ ಹಿಂದಿಯಲ್ಲಿ ‘ಆದ್ಮಿ’ ಎಂದು ತೆಗೆದರು. ಶಾಂತಾಬಾಯಿಯವರ ಕೀರ್ತಿಯೆಲ್ಲವೂ ಈ ಒಂದು ಚಿತ್ರದ ಮೇಲೆ ನಿಂತಿದೆ ಎಂದರೆ ತಪ್ಪಾಗದು. ಆದಕಾರಣ ಇದರ ಕಥೆಯನ್ನು ಕೊಂಚ ಬಿಡಿಸಿ ಹೇಳಬೇಕು.

ಗಣಪತ ಒಬ್ಬ ಪ್ರಾಮಾಣಿಕ ಪೋಲೀಸು ಪೇದೆ. ಜೂಜಿನ ಅಡ್ಡೆಯ ಮೇಲೆ ದಾಳಿ ನಡೆದಾಗ ಮೈನಾ ಎಂಬ ವೇಶ್ಯೆ ಅವನ ಕಣ್ಣಿಗೆ ಬೀಳುತ್ತಾಳೆ. ಕನಿಕರವು ಸ್ನೇಹವಾಗಿ, ಸ್ನೇಹವು ಪ್ರೇಮವಾಗುತ್ತದೆ. ಅವಳನ್ನು ತಾಯಿಯ ಬಳಿಗೆ ಕರೆದೊಯ್ದರೆ ದೈವಭಕ್ತೆಯಾದ ಆ ಮುದುಕಿಯು ಸೊಸೆಯೆಂದೇ ಬಗೆದು ಆದರಿಸುತ್ತಾಳೆ. ಆ ಆದರವೇ ಮೈನಾಳಿಗೆ ತಾಳಲಾರದ ಭಾರವಾಗುತ್ತದೆ. ಕಡೆಗೆ ತನ್ನನ್ನು ಪೀಡಿಸುತ್ತಿದ್ದ ದುಷ್ಟ ಬಂಧುವನ್ನು ಕೊಂದು ಅವಳು ಸೆರೆಗೆ ಹೋಗುತ್ತಾಳೆ. ಬಿಡಿಸುತ್ತೇನೆಂದು ಬಂದ ಗಣಪತನ ನೆರವನ್ನು ಒಲ್ಲೆನೆನ್ನುತ್ತಾಳೆ. ಪ್ರೇಮ ಮುರಿದರೆ ಕುಡಿದು ಸಾಯುವ ‘ದೇವದಾಸ’ನ ಗುಂಗಿನಲ್ಲಿ ದೇಶವಿದ್ದಾಗ, ಪ್ರೇಮ ಮುರಿದ ಮೇಲೂ ಮನುಷ್ಯನು ಕೆಲಸಕ್ಕೆ ಹಿಂದಿರುಗಬೇಕೆಂದು ಶಾಂತಾರಾಮರು ಇಲ್ಲಿ ಎದುರುತ್ತರ ಕೊಟ್ಟರೆಂದು ಹೇಳುವುದುಂಟು. ಮರಗಳ ಸುತ್ತ ಹಾಡುವ ಪ್ರೇಮಚಿತ್ರಗಳನ್ನು ಅಣಕಿಸುವ ಒಂದು ದೃಶ್ಯವೂ ನಡುವೆ ಬರುತ್ತದೆ. ಅದನ್ನು ನೋಡಿ ನಗದವರು ವಿರಳ.

ತಾಯಿಯ ಪಾತ್ರವನ್ನು ವಹಿಸಿದವರು ಹೆಸರಾಂತ ಗಾಯಕಿ ಸುಂದರಾಬಾಯಿಯವರು. ಸಂಗೀತ ಮಾಸ್ಟರ್ ಕೃಷ್ಣರಾಯರದು. ಗ್ರಾಹಕರ ಮುಂದೆ ಕುಳಿತು ಮೈನಾ ಹಾಡುವ ‘ಕಶಾಲಾ ಉದ್ಯಾಚಿ ಬಾತ್’, ಎಂದರೆ ‘ನಾಳೆಯ ಮಾತೇಕೆ’ ಎಂಬ ಹಾಡು ಚಿತ್ರಕ್ಕಿಂತಲೂ ದೀರ್ಘಾಯುವಾಯಿತು. ಬಂದವರು ನಾನಾ ಪ್ರಾಂತಗಳವರಾದ್ದರಿಂದ ಹಾಡು ಒಂದು ಭಾಷೆಯಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಭಾಷೆಗೆ ತಕ್ಕಂತೆ ಹಾಡುವವಳ ಬೆಡಗೂ ಮಾರ್ಪಡುತ್ತದೆ. ನುರಿತ ಸಂಗೀತಗಾರರಿಗೆ ಇದು ಹಗುರವಾದ ಹಾಡೆಂದು ತೋರಬಹುದು. ನಮ್ಮ ಅಭಿಪ್ರಾಯ ಬೇರೆ. ಗ್ರಾಮಫೋನಿನ ಫಲಕದ ಒಂದು ಮಗ್ಗುಲಿಗೆ ಹಿಡಿಸುವುದು ಮೂರು ಮೂರೂವರೆ ನಿಮಿಷದ ಗಾನ. ಅಷ್ಟರೊಳಗೆ ಆಲಾಪನೆಗೆ ಎಡೆಯಿಲ್ಲ. ನಗುವ ಮುಖದ ಹಿಂದಿನ ದಣಿವನ್ನು ಕಂಠದಲ್ಲೇ ಸೂಚಿಸಬೇಕು. ಹಾಡು ನಡೆಯುವಾಗಲೇ ಅಭಿನಯವೂ ನಡೆಯಬೇಕು. ಕಂಠ ಒಬ್ಬಳದು, ಮುಖ ಇನ್ನೊಬ್ಬಳದು ಆಗಿದ್ದರೆ ಇದು ಸಿದ್ಧಿಸುತ್ತಿದ್ದಿತೆ?

ಆದರೆ ಅಂತಹ ವಿಭಾಗವು ಆಗಲೇ ಮೊದಲಾಗಿದ್ದಿತು. 1935ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ನವರು ಹಿನ್ನೆಲೆ ಗಾಯನವನ್ನು ಆರಂಭಿಸಿದ್ದರು. 1940ರ ದಶಕದಲ್ಲಿ ಅದು ಎಲ್ಲೆಡೆಗೂ ಹಬ್ಬಿತು. ಗಾಯಕನಟಿಯರು ಒಂದೋ ಮುಖವಾಗಬೇಕು, ಇಲ್ಲವೆ ಕಂಠವಾಗಬೇಕು. ಅಂದಿನ ಬಿಜಾಪುರ ಜಿಲ್ಲೆಯ ಬೀಳಗಿಯ ಅಮೀರಬಾಯಿ ಕರ್ನಾಟಕಿಯವರು ಕಂಠವಾಗಿ ಗೆದ್ದರು. 1943ರ ‘ಕಿಸ್ಮತ್’ ಚಿತ್ರದ ಹಾಡುಗಳು ಅವರನ್ನು ದೇಶಕ್ಕೆಲ್ಲ ಮುಟ್ಟಿಸಿದುವು. ಧಾರವಾಡದಲ್ಲಿ 1913ರಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತು, ಕಚೇರಿಯ ವೇದಿಕೆಯನ್ನೇ ಹಿಡಿದು ತೊಂಬತ್ತು ದಾಟುವವರೆಗೂ ಗೌರವದಿಂದ ಬಾಳಿದರು. ಶಾಂತಾಬಾಯಿಯವರು ಈ ಎರಡು ದಾರಿಗಳಲ್ಲಿ ಯಾವುದನ್ನೂ ತುಳಿಯಲಿಲ್ಲ. ‘ಮಾಣೂಸ್’ ತೆರೆಕಂಡ 1939ರಲ್ಲೇ ಅವರ ವಿವಾಹವಾಯಿತು. ಬಳಿಕ 1941ರ ‘ಘರ್ ಜಾವಯಿ’, 1942ರ ‘ಪಹಿಲಾ ಪಾಳಣಾ’ ಮೊದಲಾದ ಕೆಲವು ಚಿತ್ರಗಳು ಬಂದುವು. ಮೈನಾಳಿಗೆ ಸರಿಗಟ್ಟುವ ಪಾತ್ರವು ಮತ್ತೆ ದೊರೆಯಲಿಲ್ಲ.

ನಮ್ಮ ಸೀಮೆಯವರಿಗೆ ವಿಶೇಷವಾಗಿ ಹತ್ತಿರವಾದುದು ಗುಬ್ಬಿ ವೀರಣ್ಣನವರ 1942ರ ‘ಜೀವನ ನಾಟಕ’. ಕನ್ನಡದ ಈ ವಾಕ್ಚಿತ್ರದಲ್ಲಿ ಕೆಂಪರಾಜ ಅರಸರೊಡನೆ ಶಾಂತಾ ಹುಬಳೀಕರರು ಕಾಣಿಸಿಕೊಂಡರು. ಪುಣೆಯಲ್ಲಿ ಗಳಿಸಿದ ಹೆಸರು ಅವರನ್ನು ತಾಯ್ನುಡಿಗೆ ಹಿಂದಕ್ಕೆ ಕರೆತಂದಿತೆನ್ನಬೇಕು. ಆದರೆ ಅಂದಿನ ಕನ್ನಡ ಚಿತ್ರೋದ್ಯಮಕ್ಕೆ ವರ್ಷಕ್ಕೆ ಒಂದೆರಡು ಚಿತ್ರ ತೆಗೆಯುವುದೇ ಪ್ರಯಾಸ. ಅದು ಒಬ್ಬ ನಟಿಯನ್ನು ಸಾಕಬಲ್ಲುದಾಗಿರಲಿಲ್ಲ.

ಹಾಲಿವುಡ್ಡಿನ ಡಿಯಾನಾ ಡರ್ಬಿನ್ನಳನ್ನು ಇಲ್ಲಿ ಸ್ಮರಿಸಬಹುದು. 1936ರಲ್ಲಿ ಹುಡುಗಿಯಾಗಿದ್ದಾಗಲೇ ತನ್ನ ಕಂಠದಿಂದ ಪ್ರಸಿದ್ಧಳಾದ ಆಕೆ 1940ರ ದಶಕದಲ್ಲಿ ಅಮೆರಿಕದ ಅತ್ಯಧಿಕ ಸಂಪಾದನೆಯ ಸ್ತ್ರೀಯರಲ್ಲಿ ಒಬ್ಬಳಾಗಿದ್ದಳು. ಆ ದಶಕದ ಕೊನೆಗೆ, ಇನ್ನೂ ಮೂವತ್ತು ತುಂಬುವ ಮೊದಲೇ, ಚಿತ್ರಗಳು ಸಾಕೆಂದು ಬಿಟ್ಟು ಫ್ರಾನ್ಸಿಗೆ ಹೋಗಿ 2013ರವರೆಗೆ ಅಲ್ಲಿಯೇ ನಿಶ್ಚಿಂತೆಯಿಂದ ಬದುಕಿದಳು. ಇಬ್ಬರೂ ಕಿರಿದು ಕಾಲ ಬೆಳಗಿ ತೆರೆಯಿಂದ ಮರೆಯಾದವರೇ. ಆದರೆ ಒಬ್ಬಳು ತನ್ನ ಗಳಿಕೆಯನ್ನು ಕಟ್ಟಿಕೊಂಡು ಹೊರಟಳು. ಶಾಂತಾಬಾಯಿಯವರನ್ನು ಮುಪ್ಪಿನಲ್ಲಿ ಜನರು ಮರಳಿ ಕಂಡದ್ದು ಆಶ್ರಮವಾಸಿಯಾಗಿ. ಹಾಡನ್ನು ಮರೆಯದಿದ್ದ ಮಹಾರಾಷ್ಟ್ರವು ಹಾಡಿದವರು ಜೀವಂತವಾಗಿರುವುದನ್ನು ಮರೆತಿದ್ದಿತು. 1990ರಲ್ಲಿ ಅವರ ಆತ್ಮಕಥೆಯು ಮರಾಠಿಯಲ್ಲಿ ಪ್ರಕಟವಾಯಿತು; ಅದಕ್ಕೆ ಆ ಹಾಡಿನ ಹೆಸರನ್ನೇ ಇಟ್ಟರು. 1992ರ ಜುಲೈ ತಿಂಗಳಲ್ಲಿ ಅವರು ತೀರಿಕೊಂಡರು.

ಆ ಹಾಡಿನ ಮರಾಠಿ ಮತ್ತು ಹಿಂದಿ ರೂಪಗಳೆರಡೂ ಇಂದಿಗೂ ಕೇಳಲು ದೊರೆಯುತ್ತವೆ. ಆಸಕ್ತರು ಎರಡನ್ನೂ ಒಂದರ ಬೆನ್ನಿಗೆ ಒಂದನ್ನು ಕೇಳಬೇಕು. ಪಲ್ಲವಿಗೆ ಹಿಂದಿರುಗುವಾಗ ದನಿಯನ್ನು ಹೇಗೆ ಇಳಿಸುತ್ತಾರೆಂಬುದನ್ನು ಗಮನಿಸಬೇಕು. ಎರಡರಲ್ಲಿಯೂ ಹಾಡುತ್ತಿರುವವರು ಮನೆಯಲ್ಲಿ ಕನ್ನಡವನ್ನಾಡಿ ಬೆಳೆದ ಅದರಗುಂಚಿಯ ರಾಜಮ್ಮನೇ.