ನೀರುಗಂಟಿಯೂ ಮಹಾಗಣಕವೂ

ಕೆರೆ ತುಂಬಿದ ಮಾತ್ರಕ್ಕೆ ಎಲ್ಲರ ಗದ್ದೆಯೂ ನೆನೆಯುವುದಿಲ್ಲ. ತೂಬನ್ನು ಎತ್ತಿ ಇಳಿಸಿ, ಸರದಿಯನ್ನು ಕಾಯುವ ನೀರುಗಂಟಿಯೊಬ್ಬನು ಬೇಕು. ನಾಗಮಂಗಲದ ಕೆರೆಬಯಲು, ಕೃಷ್ಣರಾಜಪೇಟೆಯ ಮಂದಗೆರೆ ಕಾಲುವೆ, ಶ್ರೀರಂಗಪಟ್ಟಣದ ವಿರಿಜಾ ನಾಲೆ, ಪಾಂಡವಪುರದ ವಿಶ್ವೇಶ್ವರಯ್ಯ ನಾಲೆ, ಇವುಗಳ ರೈತರಿಗೆ ಈ ಮಾತನ್ನು ಹೇಳಿಕೊಡಬೇಕಾಗಿಲ್ಲ. ಇದೇ ನ್ಯಾಯವು ಮಹಾಗಣಕಗಳಲ್ಲಿಯೂ ನಡೆಯುತ್ತಿದೆಯೆಂಬುದನ್ನು ವಾಚಕರಿಗೆ ತಿಳಿಸುವುದೇ ನನ್ನ ಉದ್ದೇಶ.

ಮಹಾಗಣಕವೆಂದರೆ ಒಂದೇ ಒಂದು ದೈತ್ಯಯಂತ್ರವಲ್ಲ. ಒಂದಕ್ಕೊಂದು ಜೋಡಿಸಿದ ನೂರಾರು ಗಣಕಗಳ ಸಮೂಹ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ 'ಪರಮ್ ಪ್ರವೇಗ'ದ ಗರಿಷ್ಠ ಸಾಮರ್ಥ್ಯ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ 33 ಕೋಟಿಯನ್ನು ಮತ್ತೆ ಕೋಟಿಯಿಂದ ಗುಣಿಸಿದಷ್ಟು ಲೆಕ್ಕಗಳು. ಆದರೂ ಇಂಥ ಯಂತ್ರಗಳ ಮುಂದೆ ಸಂಶೋಧಕರ ಸಾಲು ಕರಗುವುದಿಲ್ಲ.

ಈ ಸಾಲನ್ನು ನಡೆಸುವ ನೀರುಗಂಟಿಯೂ ಒಂದು ಕ್ರಮವಿಧಿಯೇ. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಬೆಳೆದ 'ಸ್ಲರ್ಮ್' ಅಂಥವುಗಳಲ್ಲೊಂದು. ಎಷ್ಟು ಗಣಕ, ಎಷ್ಟು ಸ್ಮೃತಿ, ಎಷ್ಟು ಗಂಟೆ ಬೇಕೆಂದು ಪ್ರತಿಯೊಬ್ಬನೂ ಮೊದಲೇ ತಿಳಿಸಬೇಕು.

ಒಂದು ಉದಾಹರಣೆಯನ್ನು ನೋಡೋಣ. ಒಟ್ಟು 100 ಗಣಕಗಳಲ್ಲಿ 60 ಇನ್ನು 4 ಗಂಟೆ ದುಡಿಯಬೇಕಾಗಿವೆ, 40 ಬಿಡುವಾಗಿವೆ. ಸಾಲಿನ ಮುಂದಿರುವವನಿಗೆ 80 ಬೇಕು, ಅವನು ಕಾಯಲೇಬೇಕು. ಅಲ್ಲಿಯವರೆಗೆ ಆ 40 ಸುಮ್ಮನಿರಬೇಕೆ? ಹಿಂದಿರುವ ವಿದ್ಯಾರ್ಥಿಯೊಬ್ಬನು 10 ಗಣಕಗಳನ್ನು 3 ಗಂಟೆ ಕೇಳಿದ್ದರೆ ಅವನನ್ನು ಒಳಬಿಡಬಹುದು, ಮುಂದಿನವನಿಗೆ ನಷ್ಟವಿಲ್ಲ. 30 ಗಣಕಗಳನ್ನು 6 ಗಂಟೆ ಕೇಳಿದವನನ್ನು ಬಿಟ್ಟರೆ, 4 ಗಂಟೆಯ ನಂತರ ಉಳಿಯುವುದು 70 ಮಾತ್ರ. ಆದ್ದರಿಂದ ಅವನು ನಿಲ್ಲಬೇಕು. ಬಿರುಕನ್ನು ತುಂಬುವ ಈ ಉಪಾಯವು ಅಮೆರಿಕದ ಆರ್ಗಾನ್ ಪ್ರಯೋಗಾಲಯದಿಂದ 1995ರಲ್ಲಿ ಪ್ರಸಿದ್ಧಿಗೆ ಬಂದಿತು.

ಈ ಏರ್ಪಾಡೆಲ್ಲವೂ ನಿಂತಿರುವುದು ಕೇಳುವವನ ಪ್ರಾಮಾಣಿಕತೆಯ ಮೇಲೆ. ಕಡಿಮೆ ಹೇಳಿದರೆ ಗಡುವು ಮುಗಿದೊಡನೆ ಕೆಲಸ ಅರ್ಧದಲ್ಲೇ ನಿಲ್ಲುತ್ತದೆ. ಭಯದಿಂದ ಹೆಚ್ಚು ಹೇಳಿದರೆ ಬಿರುಕಿನಲ್ಲಿ ಜಾಗ ಸಿಗದೆ ತಾನೇ ಕಾಯುತ್ತಾನೆ. ಇದಲ್ಲದೆ, ಇತ್ತೀಚೆಗೆ ಹೆಚ್ಚು ಬಳಸಿದವನನ್ನು ಹಿಂದಕ್ಕೆ ಸರಿಸಿ, ಬಳಸದವನನ್ನು ಮುಂದೆ ತರುವ ಸಮಪಾಲಿನ ನಿಯಮವನ್ನೂ ಅನೇಕ ಕಡೆ ಇಟ್ಟಿರುತ್ತಾರೆ. ನಾಲೆಯ ಕೊನೆಯ ಗದ್ದೆಯವನಿಗೆ ಕಟ್ಟುಪದ್ಧತಿ ಹೇಗೋ, ಸಣ್ಣ ಊರಿನಿಂದ ಬಂದ ಸಂಶೋಧಕನಿಗೆ ಈ ನಿಯಮ ಹಾಗೆ.

ಆದರೆ ಯಾರ ಪಾಲು ಎಷ್ಟೆಂಬುದನ್ನು ಯಂತ್ರವು ನಿಶ್ಚಯಿಸುವುದಿಲ್ಲ. ಅದನ್ನು ಬರೆದಿಡುವವರು ಮನುಷ್ಯರು. ಲೆಕ್ಕ ಎಷ್ಟೇ ಚುರುಕಾಗಿದ್ದರೂ, ಪಾಲು ಹಂಚುವ ಹೊಣೆ ನಮ್ಮದೇ. ಕಲಾವಿಭಾಗದ ವಿದ್ಯಾರ್ಥಿಗಳಾದ ನಾವೂ ಈ ವಿಷಯವನ್ನು ಅರಿತಿರಬೇಕಾದುದು ಇದಕ್ಕಾಗಿಯೇ.