ಒಂದು ಮನೆ, ಎರಡು ಒಲೆ

ಬಳ್ಳಾರಿ ಸೀಮೆಯವರಿಗೆ ಎರಡರ ನಡುವೆ ಬಾಳುವ ವಿದ್ಯೆಯನ್ನು ಹೊಸದಾಗಿ ಹೇಳಿಕೊಡಬೇಕಾದ ಅಗತ್ಯವಿಲ್ಲ. ಕನ್ನಡದಲ್ಲಿ ಧಾರಣೆ ಕೇಳಿ, ತೆಲುಗಿನಲ್ಲಿ ಚೌಕಾಸಿ ಮಾಡಿ, ಮತ್ತೆ ಕನ್ನಡದಲ್ಲಿ ಹಣ ಎಣಿಸಿಕೊಡುವವರು ಇಲ್ಲಿ ಮನೆಗೊಬ್ಬರಿದ್ದಾರೆ. ೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯವು ಹುಟ್ಟಿದಾಗ ನಮ್ಮ ಜಿಲ್ಲೆ ಪಾಲಾಯಿತು. ಆದೋನಿ, ಆಲೂರು, ರಾಯದುರ್ಗಗಳು ಆ ಕಡೆಗೆ ಹೋದವು, ಬಳ್ಳಾರಿ, ಸಿರುಗುಪ್ಪ ಮೊದಲಾದ ತಾಲ್ಲೂಕುಗಳು ಮೈಸೂರಿಗೆ ಬಂದವು. ಗೆರೆಯೇನೋ ನೆಲದ ಮೇಲೆ ಬಿತ್ತು, ನಾಲಗೆಯ ಮೇಲೆ ಬೀಳಲಿಲ್ಲ. ತುಂಗಭದ್ರೆಯ ಕೆಳಮಟ್ಟದ ಕಾಲುವೆಯೂ ಎರಡು ಸೀಮೆಯ ಗದ್ದೆಗಳಿಗೆ ಒಂದೇ ನೀರನ್ನು ಹಂಚುತ್ತಲೇ ಇದೆ.

ಇಷ್ಟು ಪೀಠಿಕೆಗೆ ಕಾರಣವುಂಟು. ನಾನು ಬರೆಯಹೊರಟಿರುವುದೂ ಒಂದು ಪಾಲಿನ ವಿಚಾರವೇ. ಗಣಕಯಂತ್ರದಲ್ಲಿ ಮೊದಲಿನಿಂದಲೂ ಇರುವ ವಿಂಡೋಸನ್ನು ಹೊರಗೆ ಹಾಕದೆ, ಅದರ ಮಗ್ಗುಲಿನಲ್ಲಿ ಲಿನಕ್ಸಿಗೆ ಒಂದಿಷ್ಟು ಜಾಗ ಮಾಡಿಕೊಟ್ಟು, ಯಂತ್ರವನ್ನು ಚಾಲೂ ಮಾಡಿದಾಗಲೆಲ್ಲ ಇಂದು ಯಾರ ಕೈಯ ಅಡುಗೆಯೆಂದು ನಾವೇ ಆರಿಸಿಕೊಳ್ಳುವ ಏರ್ಪಾಡು ಅದು. ಬಲ್ಲವರು ಡ್ಯುಯಲ್ ಬೂಟ್ ಎನ್ನುತ್ತಾರೆ. ನಮ್ಮ ಅವಿಭಕ್ತ ಕುಟುಂಬಗಳ ಮಾತಿನಲ್ಲಿ ಹೇಳುವುದಾದರೆ ಒಂದೇ ಸೂರಿನಡಿ ಎರಡು ಒಲೆ. ಮನೆತನಗಳ ವಿಷಯದಲ್ಲಿ ಇದನ್ನು ತುಸು ನಾಚಿಕೆಯಿಂದಲೇ ಹೇಳುತ್ತಾರೆ. ಆದರೆ ಗಣಕದ ವಿಷಯದಲ್ಲಿ, ಅದರಲ್ಲಿಯೂ ಕನ್ನಡದಲ್ಲಿ ಬರೆಯುವವನ ಗಣಕದ ವಿಷಯದಲ್ಲಿ, ಇದಕ್ಕಿಂತ ಮರ್ಯಾದೆಯ ಏರ್ಪಾಡು ಸದ್ಯಕ್ಕೆ ಬೇರೊಂದಿಲ್ಲವೆಂದು ನನ್ನ ನಂಬಿಕೆ.

ಸಿರುಗುಪ್ಪದಲ್ಲಿ ನನ್ನ ಮಿತ್ರರೊಬ್ಬರಿದ್ದಾರೆ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಬತ್ತದ ನಾಟಿಯ ಕಾಲದಲ್ಲಿ ಹೆಣ್ಣುಮಕ್ಕಳು ಹಾಡುತ್ತಿದ್ದ ಹಾಡುಗಳನ್ನು ಇಪ್ಪತ್ತು ವರ್ಷ ಊರೂರು ತಿರುಗಿ ಬರೆದುಕೊಂಡವರು. ಹಾಡಿದವರಲ್ಲಿ ಅನೇಕರು ಈಗ ಇಲ್ಲ. ಆ ಹಾಡುಗಳೆಲ್ಲ ಅವರು ೨೦೧೫ರಲ್ಲಿ ಕೊಂಡ ಗಣಕದೊಳಗೆ, ನುಡಿ ತಂತ್ರಾಂಶದಲ್ಲಿ ಬರೆದ ಕಡತಗಳಾಗಿ ಕುಳಿತಿವೆ. ವಿಂಡೋಸ್ ೧೦ಕ್ಕೆ ೨೦೨೫ರ ಅಕ್ಟೋಬರ್ ೧೪ಕ್ಕೆ ಸಾಮಾನ್ಯ ಬೆಂಬಲ ಮುಗಿಯಿತು. ಅಲ್ಲಿಂದಾಚೆಗೆ ಭದ್ರತೆಯ ತಿದ್ದುಪಡಿಗಳು ಮಾತ್ರ, ಅದೂ ಹೆಸರು ನೋಂದಾಯಿಸಿದವರಿಗೆ, ಕೆಲಕಾಲದವರೆಗೆ. ವಿಂಡೋಸ್ ೧೧ ಆದರೋ ಟಿಪಿಎಂ ೨.೦ ಎಂಬ ಭದ್ರತಾ ಏರ್ಪಾಡನ್ನೂ ಹೊಸ ತಲೆಮಾರಿನ ಸಂಸ್ಕಾರಕವನ್ನೂ ಕೇಳುತ್ತದೆ. ಹತ್ತು ವರ್ಷದ ಯಂತ್ರಕ್ಕೆ ಅದರ ಹೊಸ್ತಿಲು ದಾಟುವ ಯೋಗವಿಲ್ಲ. ಒಬ್ಬ ಅಂಗಡಿಯವನು ಯಂತ್ರವನ್ನು ಗುಜರಿಗೆ ಹಾಕಿರೆಂದ. ಇನ್ನೊಬ್ಬ ಉತ್ಸಾಹಿ ತರುಣ, ಎಲ್ಲವನ್ನೂ ಅಳಿಸಿ ಲಿನಕ್ಸ್ ಹಾಕಿಕೊಡುತ್ತೇನೆ, ಕಾಸೂ ಬೇಡ ಎಂದ. ಮಿತ್ರರು ಇಬ್ಬರಿಗೂ ಕೈಮುಗಿದು ನನಗೆ ಹೇಳಿಕಳಿಸಿದರು.

ಅವರ ಭಯ ನಿರಾಧಾರವಾದುದಲ್ಲ. ಅದನ್ನು ತಿಳಿಯಬೇಕಾದರೆ ಹಳೆಯ ನುಡಿ ಕಡತಗಳ ಒಳಗುಟ್ಟನ್ನು ಸ್ವಲ್ಪ ನೋಡಬೇಕು. ಕನ್ನಡ ಗಣಕ ಪರಿಷತ್ತು ರೂಪಿಸಿದ ಆ ತಂತ್ರಾಂಶದ ಉಪಕಾರ ದೊಡ್ಡದು. ಅದಿಲ್ಲದಿದ್ದರೆ ಕಚೇರಿಗಳಿಗೂ ಶಾಲೆಗಳಿಗೂ ಕನ್ನಡ ಅಷ್ಟು ಬೇಗ ಪ್ರವೇಶಿಸುತ್ತಿರಲಿಲ್ಲ. ಆದರೆ ಆ ಕಾಲದ ಗಣಕಕ್ಕೆ ಕನ್ನಡವೆಂಬುದೇ ತಿಳಿಯದು. ಆದ್ದರಿಂದ ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದರು. ‘ಕ’ ಅಕ್ಷರದ ಒಡಲು ರೋಮನ್ ‘ಪಿ’ಯ ಪೀಠದಲ್ಲಿದೆ, ಅದರ ತಲೆಕಟ್ಟು ಯೂರೋಪಿನ ಸ್ವರಚಿಹ್ನೆ ಹೊತ್ತ ‘ಎ’ಯ ಪೀಠದಲ್ಲಿದೆ, ‘ನ’ಕಾರವು ಕುಳಿತಿರುವುದು ಆಂಗ್ಲರ ಪೌಂಡ್ ನಾಣ್ಯದ ಗುರುತಿನ ಮೇಲೆ. ಫಾಂಟೆಂಬ ಪೋಷಾಕು ಇರುವವರೆಗೆ ಎಲ್ಲವೂ ಸೊಗಸಾದ ಕನ್ನಡ. ಪೋಷಾಕು ಕಳಚಿತೋ, ‘ಕನ್ನಡ’ ಎಂಬ ಮಾತಿನ ನಟ್ಟನಡುವೆಯೇ ಪೌಂಡಿನ ಗುರುತು ಹಲ್ಲುಕಿರಿಯುತ್ತದೆ. ಇಪ್ಪತ್ತು ವರ್ಷದ ಹಾಡು ಹೀಗೆ ವೇಷದ ಮೇಲೆ ನಿಂತಿರುವಾಗ ಯಾರು ತಾನೆ ಧೈರ್ಯದಿಂದ ಮನೆ ಬದಲಾಯಿಸಿಯಾರು?

ಇದಕ್ಕೆ ಪರಿಹಾರ ಹುಟ್ಟಿ ಬಹಳ ಕಾಲವಾಯಿತೆಂಬುದೇ ಸೋಜಿಗ. ೧೯೯೧ರ ಆಗಸ್ಟ್ ೨೫ರಂದು ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್, ತಾನು ಹವ್ಯಾಸಕ್ಕಾಗಿ ಒಂದು ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟುತ್ತಿರುವುದಾಗಿ ಜಗತ್ತಿಗೆ ತಿಳಿಸಿದ, ಅದೇ ಲಿನಕ್ಸ್. ಅದೇ ವರ್ಷದ ಅಕ್ಟೋಬರಿನಲ್ಲಿ ಯೂನಿಕೋಡಿನ ಮೊದಲ ಆವೃತ್ತಿ ಹೊರಬಂದಿತು. ಅದರಲ್ಲಿ ಕನ್ನಡಕ್ಕೆ ೧೨೮ ಮನೆಗಳ ಸ್ವಂತ ಕೇರಿ ದೊರೆಯಿತು. ‘ಕ’ ಅಂದಿನಿಂದ ‘ಕ’ವೇ, ಯಾರ ಪೀಠದ ಹಂಗೂ ಅದಕ್ಕಿಲ್ಲ. ಮುಂದೆ ನುಡಿಯೂ ಯೂನಿಕೋಡನ್ನು ಒಪ್ಪಿಕೊಂಡಿತು. ಲಿನಕ್ಸಿನಲ್ಲಂತೂ ಕನ್ನಡದ ಫಾಂಟುಗಳು ಉಚಿತವಾಗಿಯೇ ದೊರೆಯುತ್ತವೆ. ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರಿನವೂ ಅವುಗಳಲ್ಲಿವೆ. ಕೆ. ಪಿ. ರಾಯರ ವಿನ್ಯಾಸವನ್ನು ಅನುಸರಿಸಿದ ಕಗಪ ಕೀಲಿಮಣೆಯೂ ಅಲ್ಲಿದೆ. ನುಡಿಗೆ ಪಳಗಿದ ಬೆರಳುಗಳು ಹೊಸ ಪಾಠ ಕಲಿಯಬೇಕಾಗಿಲ್ಲ.

ಹಾಗಾದರೆ ಹಳೆಯದನ್ನು ಬಿಟ್ಟುಬಿಡಬಾರದೇಕೆ ಎಂದು ವಾಚಕರು ಕೇಳಬಹುದು. ಬಿಡಲಾಗದು. ೨೦೦೧ರ ತರುವಾಯ ಹೊಸ ಆವೃತ್ತಿಯನ್ನೇ ಕಾಣದ ಪೇಜ್‌ಮೇಕರಿನಲ್ಲಿ ಪುಟ ಕಟ್ಟುವ ಅಚ್ಚುಕೂಟಗಳು ಇನ್ನೂ ಇವೆ. ಅವಕ್ಕೆ ಹಳೆಯ ನುಡಿಯೇ ಬೇಕು. ಮಿತ್ರರ ಕಡತಗಳನ್ನು ಪರಿವರ್ತಿಸಿ, ಮೂಲದೊಡನೆ ಸಾಲುಸಾಲಾಗಿ ತಾಳೆ ನೋಡಬೇಕು. ಮೂಲವು ಅದು ಹುಟ್ಟಿದ ಮನೆಯಲ್ಲಿಯೇ ತೆರೆದುಕೊಳ್ಳುವಂತಿದ್ದರೆ ಮಾತ್ರ ಆ ತಾಳೆಗೆ ಬೆಲೆ. ಹಳೆಯ ಒಲೆಯನ್ನು ಆರಿಸದೆ ಹೊಸದನ್ನು ಹೊತ್ತಿಸಬೇಕೆಂದು ನಾನು ಹಠ ಹಿಡಿದದ್ದು ಇದಕ್ಕೇ.

ಕೆಲಸದ ಕ್ರಮವನ್ನು ಹೇಳುತ್ತೇನೆ. ಎಲ್ಲಕ್ಕೂ ಮೊದಲು ಕಡತಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಬೇರೊಂದು ಗಣಕದಲ್ಲಿ ಅವು ತೆರೆಯುತ್ತವೆಯೇ ಎಂದು ನೋಡಿದೆವು. ನಕಲು ಮಾಡಿದರೆ ಸಾಲದು, ತೆರೆದು ನೋಡಬೇಕು. ಬಳಿಕ ವಿಂಡೋಸಿನ ಎರಡು ಅಭ್ಯಾಸಗಳನ್ನು ವಿಚಾರಿಸಿದೆವು. ಒಂದು, ಶೀಘ್ರಾರಂಭ. ಯಂತ್ರವನ್ನು ಮುಚ್ಚಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ. ಬೇಗನೆ ಏಳಲು ಅನುಕೂಲವಾಗಲೆಂದು ಅರೆನಿದ್ದೆಯಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಲಿನಕ್ಸ್ ಅದರ ಕೋಣೆಗೆ ಕೈಹಾಕಿದರೆ ಕಡತಗಳು ಕೆಡುವ ಅಪಾಯವಿದೆ. ಆದುದರಿಂದ ಆ ಅಭ್ಯಾಸವನ್ನು ನಿಲ್ಲಿಸಬೇಕು. ಇನ್ನೊಂದು, ಬಿಟ್‌ಲಾಕರ್ ಎಂಬ ಬೀಗ. ಅದು ಹಾಕಿದ್ದರೆ ೪೮ ಅಂಕಿಗಳ ಬೀಗದ ಕೈಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳದೆ ಮುಂದುವರಿಯಬಾರದು. ಮಿತ್ರರ ಯಂತ್ರದಲ್ಲಿ ಆ ಬೀಗ ಇರಲಿಲ್ಲ.

ಆಮೇಲೆ ಜಾಗದ ಮಾತು. ವಿಂಡೋಸಿನ ಕೋಣೆಯನ್ನು ಕಿರಿದುಮಾಡುವ ಕೆಲಸವನ್ನು ವಿಂಡೋಸಿನ ಕೈಯಿಂದಲೇ ಮಾಡಿಸುವುದು ಕ್ಷೇಮ. ಯಾವ ಸಾಮಾನು ಎಲ್ಲಿದೆಯೆಂಬುದು ಮನೆಯವರಿಗೇ ಚೆನ್ನಾಗಿ ಗೊತ್ತು. ಐನೂರು ಗಿಗಾಬೈಟಿನ ಡಿಸ್ಕಿನಲ್ಲಿ ನೂರನ್ನು ಬಿಡಿಸಿಕೊಂಡೆವು. ಲಿನಕ್ಸ್ ಮಿಂಟ್ ಎಂಬ ಬಗೆಗೆ ಇಪ್ಪತ್ತು ಗಿಗಾಬೈಟ್ ಇದ್ದರೂ ನಡೆಯುತ್ತದೆ, ನೂರಿದ್ದರೆ ಕೈಕಾಲು ಚಾಚಬಹುದು. ಅದನ್ನು ಒಂದು ಪೆನ್‌ಡ್ರೈವಿಗೆ ಇಳಿಸಿಕೊಂಡು, ಡಿಸ್ಕನ್ನು ಮುಟ್ಟದೆ, ಪೆನ್‌ಡ್ರೈವಿನಿಂದಲೇ ನಡೆಸಿ ನೋಡಿದೆವು. ಇದು ಬಹಳ ಒಳ್ಳೆಯ ಪದ್ಧತಿ. ಹೆಣ್ಣು ನೋಡದೆ ಲಗ್ನ ನಿಶ್ಚಯಿಸುವ ಕಾಲ ಹೋಯಿತಷ್ಟೆ. ಧ್ವನಿ, ಜಾಲಸಂಪರ್ಕ, ಮುದ್ರಣಯಂತ್ರ ಮೂರೂ ಸರಿಯಾಗಿದ್ದವು. ಸ್ಥಾಪನೆಯ ನಡುವೆ ಒಂದು ಪ್ರಶ್ನೆ ಬರುತ್ತದೆ: ವಿಂಡೋಸಿನ ಪಕ್ಕದಲ್ಲಿ ಸ್ಥಾಪಿಸಬೇಕೋ, ಡಿಸ್ಕನ್ನೆಲ್ಲ ಅಳಿಸಬೇಕೋ? ಎರಡು ಸಾಲುಗಳೂ ಒಂದರ ಕೆಳಗೊಂದು, ಒಂದೇ ಗಾತ್ರದ ಅಕ್ಷರದಲ್ಲಿರುತ್ತವೆ. 

ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು. ಈಗ ಯಂತ್ರವನ್ನು ಚಾಲೂ ಮಾಡಿದೊಡನೆ ಗ್ರಬ್ ಎಂಬ ದ್ವಾರಪಾಲಕ ಎದುರಾಗಿ, ಲಿನಕ್ಸೋ ವಿಂಡೋಸೋ ಎಂದು ಕೇಳಿ ಕೆಲವು ಸೆಕೆಂಡು ಕಾಯುತ್ತಾನೆ. ಉತ್ತರ ಬರದಿದ್ದರೆ ಲಿನಕ್ಸಿನ ಕದ ತೆರೆಯುತ್ತಾನೆ. ಇನ್ನೊಂದು ವಿಶೇಷ: ಲಿನಕ್ಸ್ ವಿಂಡೋಸಿನ ಕೋಣೆಯ ಕಡತಗಳನ್ನು ಓದಬಲ್ಲದು, ಬರೆಯಬಲ್ಲದು, ವಿಂಡೋಸಿಗೆ ಮಾತ್ರ ಲಿನಕ್ಸಿನ ಕೋಣೆ ಅಷ್ಟು ಸುಲಭವಾಗಿ ಕಾಣುವುದಿಲ್ಲ. ಹೊಸದಾಗಿ ಬಂದ ಸೊಸೆ ಅತ್ತೆಯ ಮಾತನ್ನು ಕಲಿತಿದ್ದಾಳೆ, ಅತ್ತೆ ಸೊಸೆಯ ಮಾತನ್ನು ಕಲಿತಿಲ್ಲ. ಆದ್ದರಿಂದ ಇಬ್ಬರಿಗೂ ಬೇಕಾದ ಕಡತಗಳನ್ನು ಅತ್ತೆಯ ಕೋಣೆಯಲ್ಲಿಯೇ ಇರಿಸಿದೆವು.

ಮರುದಿನ ಮಿತ್ರರು ಫೋನು ಮಾಡಿ, ವಿಂಡೋಸಿಗೆ ಹೋದರೆ ಗಡಿಯಾರ ಐದೂವರೆ ಗಂಟೆ ಹಿಂದಿದೆಯೆಂದರು. ಅದೊಂದು ತಮಾಷೆಯ ಭಿನ್ನಾಭಿಪ್ರಾಯ. ಯಂತ್ರದೊಳಗಿನ ಗಡಿಯಾರವು ಸ್ಥಳೀಯ ಕಾಲವನ್ನು ತೋರುತ್ತದೆಂದು ವಿಂಡೋಸ್ ಭಾವಿಸಿದರೆ, ಅಲ್ಲಿರುವುದು ಜಾಗತಿಕ ಕಾಲವೆಂದು ಲಿನಕ್ಸ್ ಭಾವಿಸುತ್ತದೆ. ಇಬ್ಬರ ನಡುವಿನ ಅಂತರ ಭಾರತದಲ್ಲಿ ಸರಿಯಾಗಿ ಐದೂವರೆ ಗಂಟೆ. ಸ್ಥಳೀಯ ಕಾಲವನ್ನೇ ಹಿಡಿಯೆಂದು ಲಿನಕ್ಸಿಗೆ ಒಂದು ಸಾಲಿನ ಆಜ್ಞೆ ಕೊಟ್ಟರೆ ಜಗಳ ತೀರುತ್ತದೆ.

ಕುರುಗೋಡಿನ ಪ್ರಕರಣ ಇಷ್ಟು ಸಲೀಸಾಗಲಿಲ್ಲ. ದೊಡ್ಡಬಸವೇಶ್ವರನ ಗುಡಿಯ ಸಮೀಪದಲ್ಲಿರುವ ಅಧ್ಯಾಪಕರೊಬ್ಬರ ಯಂತ್ರ ಇನ್ನೂ ಹಳೆಯದು. ಅಂತಹ ಯಂತ್ರಗಳಲ್ಲಿ ಡಿಸ್ಕಿನ ಮೊಟ್ಟಮೊದಲ ೫೧೨ ಬೈಟುಗಳಲ್ಲಿ ಇಡೀ ಮನೆಯ ನಕ್ಷೆಯಿರುತ್ತದೆ. ೪೪೬ ಬೈಟು ಎಬ್ಬಿಸುವ ಮಂತ್ರಕ್ಕೆ, ೬೪ ಬೈಟು ಪಾಲಿನ ಪಟ್ಟಿಗೆ, ಉಳಿದೆರಡು ಮುದ್ರೆಗೆ. ಪಾಲೊಂದಕ್ಕೆ ಹದಿನಾರು ಬೈಟಿನಂತೆ ನಾಲ್ಕೇ ಮುಖ್ಯ ಪಾಲುಗಳಿಗೆ ಎಡೆ. ತಯಾರಿಸಿದವರು ನಾಲ್ಕನ್ನೂ ತಾವೇ ತುಂಬಿ ಕಳಿಸಿದ್ದರು. ಡಿಸ್ಕಿನಲ್ಲಿ ಅರ್ಧಕ್ಕರ್ಧ ಖಾಲಿಯಿದ್ದರೂ ಐದನೆಯವನ ಹೆಸರು ಬರೆಯಲು ಪಟ್ಟಿಯಲ್ಲಿ ಸಾಲಿರಲಿಲ್ಲ. ತಯಾರಕರ ಸಲಕರಣೆಗಳಿದ್ದ ಒಂದು ಪುಟ್ಟ ಪಾಲಿನ ನಕಲನ್ನು ಹೊರಗೆ ತೆಗೆದಿಟ್ಟು, ಅದನ್ನು ಅಳಿಸಿ, ಆ ಹೆಸರಿನ ಸಾಲಿನಲ್ಲಿ ವಿಸ್ತೃತ ಪಾಲೊಂದನ್ನು ಬರೆದು, ಅದರ ಒಡಲಲ್ಲಿ ಲಿನಕ್ಸಿಗೆ ಜಾಗ ಮಾಡಬೇಕಾಯಿತು. ಹೊಸ ಯಂತ್ರಗಳಲ್ಲಿ ಈ ಪಾಡಿಲ್ಲ; ಅವುಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ೧೨೮ ಸಾಲುಗಳಿರುತ್ತವೆ.

ಬಳ್ಳಾರಿ ಕೋಟೆಯನ್ನು ಕುರಿತು ಒಂದು ಐತಿಹ್ಯವಿದೆ. ಹೈದರಾಲಿಯ ಫ್ರೆಂಚ್ ಇಂಜಿನಿಯರು ಕೋಟೆಯನ್ನು ಕಟ್ಟಿ ಮುಗಿಸಿದ ಮೇಲೆ, ಎದುರಿನ ಕುಂಬಾರಗುಡ್ಡ ಅದಕ್ಕಿಂತ ಎತ್ತರವಾಗಿರುವುದು ಕಂಡುಬಂದು, ಆತನನ್ನು ಗಲ್ಲಿಗೇರಿಸಿದರೆಂದು ಹೇಳುತ್ತಾರೆ. ಪಕ್ಕದ ಗುಡ್ಡವನ್ನು ಅಳೆಯದೆ ಕೋಟೆ ಕಟ್ಟುವ ಸಾಹಸ ಈ ಕೆಲಸದಲ್ಲಿಯೂ ಕೂಡದು. ೨೦೨೪ರ ಆಗಸ್ಟಿನಲ್ಲಿ ವಿಂಡೋಸಿನ ಒಂದು ಭದ್ರತಾ ಪರಿಷ್ಕರಣೆ ಬಂದಾಗ, ಜಗತ್ತಿನ ಅನೇಕ ಇಬ್ಬಗೆಯ ಯಂತ್ರಗಳಲ್ಲಿ ಲಿನಕ್ಸ್ ಏಳದೆ ಹೋಯಿತು. ಕಡತಗಳು ನಾಶವಾಗಲಿಲ್ಲ, ಬಾಗಿಲು ಮುಚ್ಚಿತಷ್ಟೆ. ಪರೀಕ್ಷೆಯ ಹಿಂದಿನ ದಿನವೋ ಪ್ರಬಂಧ ಒಪ್ಪಿಸುವ ವಾರದಲ್ಲಿಯೋ ವಿದ್ಯಾರ್ಥಿಗಳು ಇದಕ್ಕೆ ಕೈಹಾಕಬಾರದು. ಹೊರಗಿನ ನಕಲಿಲ್ಲದೆ ಯಾರೂ ಯಾವ ದಿನವೂ ಕೈಹಾಕಬಾರದು.

ನಮ್ಮ ಶಿಕ್ಷಕರಿಗೆ ಇದು ತೀರ ಅಪರಿಚಿತವೇನೂ ಅಲ್ಲ. ೨೦೧೧ರಲ್ಲಿ ಆರಂಭವಾದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಸರಕಾರಿ ಪ್ರೌಢಶಾಲೆಗಳ ಅನೇಕ ಅಧ್ಯಾಪಕರು ಉಬುಂಟು ಲಿನಕ್ಸನ್ನು ಕಂಡವರೇ. ಗಡಿಯಾಚೆಯ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಂತೂ ಕೇರಳದ ಪಠ್ಯಕ್ರಮದಂತೆ ಶಾಲೆಯಲ್ಲಿ ಲಿನಕ್ಸಿನ ಮೇಲೆಯೇ ಗಣಕ ಕಲಿಯುತ್ತಾರೆ. ತರಬೇತಿ ಮುಗಿಸಿ ಮನೆಗೆ ಬಂದ ನಮ್ಮವರು ಹಳೆಯ ಕಡತಗಳ ಮೋಹಕ್ಕೆ ಮತ್ತೆ ವಿಂಡೋಸಿಗೇ ಮರಳಿದ್ದನ್ನು ನಾನು ಕಂಡಿದ್ದೇನೆ. ಅವರನ್ನು ದೂಷಿಸಲಾರೆ.

ಸಿರುಗುಪ್ಪದ ಮಿತ್ರರು ಈಗ ಹಾಡುಗಳನ್ನು ಒಂದೊಂದಾಗಿ ಪರಿವರ್ತಿಸುತ್ತಿದ್ದಾರೆ. ಪರಿವರ್ತಕ ತಂತ್ರಾಂಶ ಎಲ್ಲವನ್ನೂ ಸರಿಯಾಗಿ ಮಾಡುವುದಿಲ್ಲ. ಅರ್ಕಾವೊತ್ತು ಬಂದಲ್ಲಿ ಕೆಲವೊಮ್ಮೆ ಎಡವುತ್ತದೆ. ಕಾರಣ ಸ್ವಾರಸ್ಯವಾಗಿದೆ. ‘ಧರ್ಮ’ ಎಂಬ ಮಾತನ್ನು ಹಳೆಯ ಫಾಂಟು ಕಣ್ಣಿಗೆ ಕಂಡಂತೆ ಕೂಡಿಡುತ್ತಿತ್ತು. ಮೊದಲು ‘ಧ’, ಆಮೇಲೆ ‘ಮ’, ಕೊನೆಗೆ ಅರ್ಕಾವೊತ್ತು. ಯೂನಿಕೋಡಿನಲ್ಲಿ ‘ರ’ಕಾರ ‘ಮ’ಕಾರಕ್ಕಿಂತ ಮೊದಲು ಬರುತ್ತದೆ, ಬಾಯಿ ಉಚ್ಚರಿಸುವ ಅನುಕ್ರಮದಲ್ಲಿ. ಬಾಯಿಂದ ಬಾಯಿಗೆ ಬಂದ ಹಾಡುಗಳಿಗೆ ಇದು ಒಪ್ಪುವ ಕ್ರಮವೆಂದು ಮಿತ್ರರು ಹಿಗ್ಗಿದರು. ಅವರ ಹಿಗ್ಗಿಗೆ ಇನ್ನೊಂದು ಕಾರಣವೂ ಇತ್ತು. ಆ ಸೀಮೆಯ ಹಾಡುಗಳಲ್ಲಿ ಕಥೆ ಕನ್ನಡದಲ್ಲಿದ್ದರೆ ಪಲ್ಲವಿ ಎಷ್ಟೋ ಸಲ ತೆಲುಗಿನಲ್ಲಿರುತ್ತದೆ. ಹಳೆಯ ಕನ್ನಡ ಫಾಂಟಿನಲ್ಲಿ ತೆಲುಗಿನ ಲಿಪಿಗೆ ಎಡೆಯಿರಲಿಲ್ಲ. ಅವರು ಆ ಪಲ್ಲವಿಗಳನ್ನೆಲ್ಲ ಕನ್ನಡ ಲಿಪಿಯಲ್ಲಿಯೇ ಬರೆದಿಟ್ಟಿದ್ದರು. ಈಗ ಎರಡು ಲಿಪಿಗಳೂ ಒಂದೇ ಪುಟದಲ್ಲಿ, ಒಂದರ ಕೆಳಗೊಂದು ಬರುತ್ತಿವೆ. ಮುನ್ನೂರಕ್ಕೂ ಮಿಕ್ಕ ಹಾಡುಗಳು ಇನ್ನೂ ಆಚೆಯ ಕೋಣೆಯಲ್ಲಿವೆ. ವಾರಕ್ಕೆ ಹತ್ತು ಹನ್ನೆರಡರಂತೆ ಈಚೆಗೆ ದಾಟುತ್ತಿವೆ. ಅಚ್ಚುಕೂಟದಿಂದ ಕರಡು ಬಂದ ದಿನ ಮಾತ್ರ ಅವರು ಯಂತ್ರವನ್ನು ಆರಿಸಿ ಹೊತ್ತಿಸಿ, ದ್ವಾರಪಾಲಕನಿಗೆ ವಿಂಡೋಸಿನ ಹೆಸರು ಹೇಳುತ್ತಾರೆ.